ಗಾಡಿ ಯಾವುದು ಅನ್ನುವುದಕ್ಕಿಂತ ಎಲ್ಲಿ ಓಡಿದೆ ಅಂತ ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಸಣ್ಣ ಕಾರುಗಳ ಬಗ್ಗೆಯೇ. ವ್ಯಾಗನಾರ್, ಸ್ವಿಫ್ಟ್, ಐ10, ಸೆಲೆರಿಯೊ, ಸುತ್ತಿ ಬಳಸಿ ಇವೇ ನಾಲ್ಕೈದು ಹೆಸರು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಅಮ್ಮ. ದಿನಾ ಶಾಲೆಗೆ ಹೋಗಿ ಬರಲು ಹತ್ತು ಕಿಲೋಮೀಟರ್, ಭಾನುವಾರ ಸಿರುಗುಪ್ಪದ ಹತ್ತಿರ ನಮ್ಮೂರಿಗೆ. ಮೂರೂವರೆ ಲಕ್ಷದೊಳಗೆ ಎರಡು ಗಾಡಿ ನೋಡಿದ್ದೇನೆ. ಒಂದು 2017ರ ವ್ಯಾಗನಾರ್ ಪೆಟ್ರೋಲ್, ಇನ್ನೊಂದು 2015ರ ಸ್ವಿಫ್ಟ್ ಡೀಸೆಲ್. ಸ್ವಿಫ್ಟ್ ಮೈಲೇಜ್ ಜಾಸ್ತಿ ಅಂತಾರೆ. ಯಾವುದು ತಗೊಳ್ಳಲಿ? (ಬಳ್ಳಾರಿ)

ಉತ್ತರ: ಮೇಷ್ಟ್ರೇ, ನಿಮ್ಮ ಓಡಾಟಕ್ಕೆ ಪೆಟ್ರೋಲ್ ವ್ಯಾಗನಾರ್ ಸಾಕು. ಲೆಕ್ಕ ಹಾಕಿ ನೋಡಿ. ನಿಮ್ಮದು ತಿಂಗಳಿಗೆ ಏಳುನೂರು ಎಂಟುನೂರು ಕಿಲೋಮೀಟರ್ ದಾಟುವುದಿಲ್ಲ. ಪೆಟ್ರೋಲ್ ಗಾಡಿ ಲೀಟರಿಗೆ 18, ಡೀಸೆಲ್ ಗಾಡಿ 22 ಕೊಡುತ್ತದೆ ಅಂದುಕೊಂಡು, ಪೆಟ್ರೋಲ್-ಡೀಸೆಲ್ ಬೆಲೆಯ ವ್ಯತ್ಯಾಸವನ್ನೂ ಸೇರಿಸಿದರೆ, ತಿಂಗಳಿಗೆ ಉಳಿಯುವುದು ಸಾವಿರ, ಸಾವಿರದ ಇನ್ನೂರು ರೂಪಾಯಿ. ಹತ್ತು ವರ್ಷದ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರೋ ಟರ್ಬೊನೋ ಕೈಕೊಟ್ಟರೆ ಆ ಉಳಿತಾಯವೆಲ್ಲ ಒಂದೇ ಬಿಲ್ಲಿಗೆ ಹೋಗುತ್ತದೆ. ಆ 1.3 ಲೀಟರ್ ಡೀಸೆಲ್ ಎಂಜಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಗಟ್ಟಿ ಎಂಜಿನ್ನೇ ಅದು. ದಿನಾ ನೂರು ಕಿಲೋಮೀಟರ್ ಹೈವೇಯಲ್ಲಿ ಓಡುವವರಿಗೆ ಸರಿ. ಆದರೆ 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬಂದಾಗ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು. ವಾರಕ್ಕೊಮ್ಮೆ ಊರಿಗೆ ಹೋಗುವ ನಿಮಗೆ ಕಂಪನಿಯೇ ಕೈಬಿಟ್ಟ ಎಂಜಿನ್ನಿನ ತಾಪತ್ರಯ ಯಾಕೆ?

ಅಮ್ಮನನ್ನೂ ನೆನಪಿಟ್ಟುಕೊಳ್ಳಿ. ವ್ಯಾಗನಾರ್ ಸೀಟು ಎತ್ತರ. ಮಂಡಿ ನೋವಿದ್ದವರು ಜಾಸ್ತಿ ಬಗ್ಗದೆ ಹತ್ತಿ ಇಳಿಯಬಹುದು. ಸ್ವಿಫ್ಟ್‌ನ ಹಿಂದಿನ ಸೀಟಿಗೆ ತಲೆ ತಗ್ಗಿಸಿ, ಸೊಂಟ ಬಗ್ಗಿಸಿ ಇಳಿಯಬೇಕು. ಒಂದು ಸಲ ಅವರನ್ನೇ ಕರೆದುಕೊಂಡು ಹೋಗಿ ಎರಡರಲ್ಲೂ ಕೂರಿಸಿ, ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಒಂದು ಕೊರತೆ ಇದೆ. 2017ರ ವ್ಯಾಗನಾರ್‌ನ ಡಿಕ್ಕಿ ಬರೀ 180 ಲೀಟರ್, ಊರಿಂದ ಒಂದು ಚೀಲ ಅಕ್ಕಿ ಹಾಕಿಕೊಂಡರೆ ಮುಗಿಯಿತು. 2019ರ ಜನವರಿಯಲ್ಲಿ ಬಂದ ಹೊಸ ವ್ಯಾಗನಾರ್‌ನಲ್ಲಿ ಅದು 341 ಲೀಟರ್, ಜೊತೆಗೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಮತ್ತು ಡ್ರೈವರ್ ಏರ್‌ಬ್ಯಾಗ್ ಎಲ್ಲ ಮಾಡೆಲ್‌ನಲ್ಲೂ ಇದೆ. ಬಜೆಟ್ ಸ್ವಲ್ಪ ಎಳೆಯಲು ಆದರೆ ಅದನ್ನೇ ಹುಡುಕಿ. 2017ರದ್ದೇ ಆದರೆ ಏರ್‌ಬ್ಯಾಗ್ ಇದೆಯಾ ಅಂತ ಸ್ಟೀರಿಂಗ್ ಮೇಲಿನ ಬರಹ ನೋಡಿ ಖಾತ್ರಿ ಮಾಡಿಕೊಳ್ಳಿ. ಆಗ ಅದು ಕಡ್ಡಾಯ ಇರಲಿಲ್ಲ.

ಇದೆಲ್ಲ ಮಾಡೆಲ್ ಮಾತಾಯಿತು. ನಮ್ಮ ಕಡೆ ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ಆ ಗಾಡಿ ಎಲ್ಲಿ ಓಡಿದೆ, ಯಾರ ಕೈಯಲ್ಲಿ ಓಡಿದೆ ಅನ್ನುವುದು. ಒಂದೇ ವರ್ಷದ, ಒಂದೇ ಬಣ್ಣದ ಎರಡು ವ್ಯಾಗನಾರ್ ಇಟ್ಟುಕೊಳ್ಳಿ. ಒಂದು ಬಳ್ಳಾರಿಯ ಗಾಂಧಿನಗರದಲ್ಲಿ ರಿಟೈರ್ ಆದವರ ಮನೆ ಮುಂದೆ ನಿಂತಿದ್ದು, ಸಂತೆಗೆ, ದುರ್ಗಮ್ಮನ ಗುಡಿಗೆ ಅಷ್ಟೇ ಓಡಿದ್ದು. ಇನ್ನೊಂದು ತೋರಣಗಲ್ಲು, ಸಂಡೂರು ಕಡೆ ಗುತ್ತಿಗೆದಾರರ ಹತ್ತಿರ ಸೈಟ್‌ಗೆ ಜನ ಹೊತ್ತಿದ್ದು, ಅದಿರು ಲಾರಿಗಳ ಹಿಂದೆ ಧೂಳು ಕುಡಿದು ಬೆಳೆದದ್ದು. ತೊಳೆದು ಪಾಲಿಶ್ ಹಾಕಿ ನಿಲ್ಲಿಸಿದರೆ ಎರಡೂ ಒಂದೇ ತರಹ ಕಾಣುತ್ತವೆ. ರೇಟ್ ಕೂಡ ಒಂದೇ ಹೇಳುತ್ತಾರೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ನಾಲ್ಕು ಕ್ಲಿಪ್ ಅಷ್ಟೇ, ಮೆಕ್ಯಾನಿಕ್ ಎರಡು ನಿಮಿಷದಲ್ಲಿ ಬಿಚ್ಚುತ್ತಾನೆ. ಫಿಲ್ಟರ್ ಮೇಲೆ ಕೆಂಧೂಳು ಇದ್ದರೆ ಹೆದರಬೇಡಿ, ಬಳ್ಳಾರಿಯಲ್ಲಿ ಧೂಳಿಲ್ಲದ ಫಿಲ್ಟರ್ ಎಲ್ಲಿದೆ? ನೋಡಬೇಕಾದದ್ದು ಫಿಲ್ಟರ್ ದಾಟಿದ ಮೇಲಿನ ಜಾಗ, ಅಂದರೆ ಗಾಳಿ ಶುದ್ಧವಾಗಿ ಎಂಜಿನ್‌ಗೆ ಹೋಗುವ ಕಡೆ. ಅಲ್ಲಿ ಬಿಳಿ ಕರವಸ್ತ್ರದಿಂದ ಒರೆಸಿ. ಅಲ್ಲೂ ಕೆಂಪು ಪುಡಿ ಹತ್ತಿದರೆ ಆ ಧೂಳು ಎಂಜಿನ್ ಒಳಗೂ ಹೋಗಿದೆ ಅಂತ ಅರ್ಥ. ಪಿಸ್ಟನ್ ರಿಂಗ್ ಸವೆದು, ಇನ್ನು ಸ್ವಲ್ಪ ದಿನಕ್ಕೆ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಅಂಥ ಗಾಡಿಗೆ ರೇಟ್ ಇಳಿಸಿ ಅಂತ ಕೇಳುವುದೂ ಬೇಡ, ಸುಮ್ನೆ ವಾಪಸ್ ಬನ್ನಿ.

ಆಮೇಲೆ ಕೂಲೆಂಟ್ ಡಬ್ಬಿ. ಅದರಲ್ಲಿ ಹಸಿರೋ ನೀಲಿಯೋ ಬಣ್ಣದ ಕೂಲೆಂಟ್ ಇರಬೇಕು. ನಮ್ಮ ಕಡೆ ಎಷ್ಟೋ ಜನ ಬೋರ್‌ವೆಲ್ ನೀರನ್ನೇ ಸುರಿಯುತ್ತಾರೆ, ಆ ಗಡಸು ನೀರಿನ ಉಪ್ಪು ರೇಡಿಯೇಟರ್ ಒಳಗೆ ಕಟ್ಟಿಕೊಳ್ಳುತ್ತದೆ. ಡಬ್ಬಿಯಲ್ಲಿ ತುಕ್ಕಿನ ಬಣ್ಣದ ನೀರು ಕಂಡರೆ, ಈ ಗಾಡಿ ಏಪ್ರಿಲ್-ಮೇ ಬಿಸಿಲಲ್ಲಿ ಎಲ್ಲೋ ಒಂದು ಕಡೆ ಹೊಗೆ ಹಾಕಿ ನಿಲ್ಲುತ್ತದೆ ಅಂದುಕೊಳ್ಳಿ. ಗಾಡಿ ನೋಡಲು ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರಬೇಕು. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಬಾನೆಟ್ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ಆಗ ಯಾಕೆ ಅಂತ ಕೇಳಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎರಡನೇ ಸಲ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಎಸಿ ಫುಲ್ ಇಟ್ಟು ಒಂದು ಸುತ್ತು ಓಡಿಸಿ, ಆಮೇಲೆ ಬಿಸಿಲಲ್ಲೇ ಕಾಲು ಗಂಟೆ ಎಂಜಿನ್ ಆನ್ ಇಟ್ಟು ನಿಲ್ಲಿಸಿ. ರೇಡಿಯೇಟರ್ ಫ್ಯಾನ್ ತಿರುಗಿ ಮತ್ತೆ ನಿಲ್ಲುತ್ತಾ ಇರಬೇಕು, ಎಸಿ ತಣ್ಣಗೇ ಇರಬೇಕು. ಬಳ್ಳಾರಿ ಬಿಸಿಲಿಗಿಂತ ಒಳ್ಳೆಯ ಪರೀಕ್ಷೆ ಯಾವ ವರ್ಕ್‌ಶಾಪ್‌ನಲ್ಲೂ ಇಲ್ಲ.

ಕಿಲೋಮೀಟರ್ ಮೀಟರನ್ನು ನಂಬಬೇಡಿ, ಟೈರನ್ನು ಕೇಳಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3217 ಅಂದರೆ 2017ರ 32ನೇ ವಾರದಲ್ಲಿ ತಯಾರಾದ ಟೈರ್. 2017ರ ಗಾಡಿ, ಮೀಟರ್‌ನಲ್ಲಿ 28,000 ಕಿಲೋಮೀಟರ್, ಆದರೆ ನಾಲ್ಕೂ ಟೈರ್ 2021ರದ್ದು ಅಂದರೆ? ಇಪ್ಪತ್ತೆಂಟು ಸಾವಿರಕ್ಕೆ ಮುಂಚೆಯೇ ನಾಲ್ಕು ಟೈರ್ ಯಾಕೆ ಸವೆದವು? ಸ್ಟೆಪ್ನಿಯ ಅಂಕಿಯನ್ನೂ ನೋಡಿ. ಕ್ಲಚ್, ಬ್ರೇಕ್ ಪೆಡಲ್‌ನ ರಬ್ಬರ್ ನುಣ್ಣಗಾಗಿದೆಯಾ, ಸ್ಟೀರಿಂಗ್ ಹೊಳೆಯುತ್ತಿದೆಯಾ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯಾ, ಇವೆಲ್ಲ ಮೀಟರ್‌ಗಿಂತ ನಿಜ ಹೇಳುತ್ತವೆ. ಕಂಪನಿ ಸರ್ವೀಸ್‌ನಲ್ಲಿ ಮಾಡಿಸಿದ ಗಾಡಿಯಾದರೆ ಮಾಲೀಕರನ್ನೇ ಕರೆದುಕೊಂಡು ಹೋಗಿ, ಪ್ರತಿ ಸರ್ವೀಸಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು ಅನ್ನುವುದನ್ನು ತೆಗೆಸಿ ನೋಡಿ. ಮಾಲೀಕರು ಅದಕ್ಕೆ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು ಅಲ್ವಾ.

ಪ್ರಶ್ನೆ: ನಮ್ಮಲ್ಲಿ ಒಬ್ಬ ದಲ್ಲಾಳಿ ಹೈದರಾಬಾದ್‌ನಿಂದ 2018ರ ಸ್ವಿಫ್ಟ್ ಪೆಟ್ರೋಲ್ ತರಿಸಿ ಕೊಡುತ್ತೇನೆ ಅನ್ನುತ್ತಿದ್ದಾನೆ. ಇಲ್ಲಿನ ರೇಟ್‌ಗಿಂತ ಎಂಬತ್ತು ಸಾವಿರ ಕಡಿಮೆ. ತೆಲಂಗಾಣ ನಂಬರ್ ಇದ್ದರೂ ಏನೂ ಆಗಲ್ಲ, ಹಾಗೇ ಓಡಿಸಿ ಅಂತಾನೆ. ನಿಜಾನಾ? (ಸಿಂಧನೂರು)

ಉತ್ತರ: ಏನೂ ಆಗಲ್ಲ ಅನ್ನುವವನು ಆಮೇಲೆ ಫೋನ್ ಎತ್ತಲ್ಲ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು, ಅದು ಫಾರಂ 28. ಜೊತೆಗೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಹೊಸ ಗಾಡಿಗೆ 5 ಲಕ್ಷದವರೆಗೆ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14 ಇರುವ ಟ್ಯಾಕ್ಸ್ ಇದು. ಗಾಡಿಗೆ ವಯಸ್ಸಾದ ಹಾಗೆ ಕಡಿಮೆಯಾಗುತ್ತದೆ, ಆದರೆ ಮಾಫಿ ಆಗುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಆರ್‌ಸಿ ಜೆರಾಕ್ಸ್ ಹಿಡಿದು ರಾಯಚೂರು ಆರ್‌ಟಿಒಗೆ ಹೋಗಿ, ಈ ಗಾಡಿಗೆ ಎಷ್ಟು ಬರುತ್ತದೆ ಅಂತ ಕೇಳಿಕೊಂಡು ಬನ್ನಿ. ಆ ಮೊತ್ತ ಕಳೆದ ಮೇಲೆ ನಿಮ್ಮ ಎಂಬತ್ತು ಸಾವಿರದಲ್ಲಿ ಎಷ್ಟು ಉಳಿಯಿತು ನೋಡಿ. ರಾಯಚೂರಿನ ಕೆಎ 36 ನಂಬರಿನದೋ, ಪಕ್ಕದ ಬಳ್ಳಾರಿಯ ಕೆಎ 34, ಕೊಪ್ಪಳದ ಕೆಎ 37ರದ್ದೋ ಆದರೆ ಟ್ಯಾಕ್ಸ್ ಗೋಜೇ ಇಲ್ಲ.

ನನಗೆ ಟ್ಯಾಕ್ಸ್‌ಗಿಂತ ಇನ್ನೊಂದು ಅನುಮಾನ ಜಾಸ್ತಿ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮುಳುಗಿತ್ತು, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಐಟಿ ಕಡೆಯ ಬಡಾವಣೆಗಳು ಮುಳುಗಿದ್ದವು. ನೀರು ನುಗ್ಗಿದ ಗಾಡಿಗಳು ಹರಾಜಾಗಿ, ಒಣಗಿ, ಹೊಸ ಸೀಟ್ ಕವರ್ ಹಾಕಿಕೊಂಡು ದೂರದ ಊರಿಗೆ ಬರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ಯಾವಾಗಲೂ ಸುತ್ತಿಕೊಂಡೇ ಇರುವ ಆ ಕೊನೆಯ ಅರ್ಧ ಮೊಳವನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಮಣ್ಣಿನ ಗೆರೆ ಇದ್ದರೆ ಮಾತೇ ಬೇಡ. ಸೀಟಿನ ಕೆಳಗಿನ ಬೋಲ್ಟ್, ಸ್ಟೆಪ್ನಿ ಗುಂಡಿ, ಫ್ಯೂಸ್ ಬಾಕ್ಸ್, ಇಲ್ಲೆಲ್ಲ ತುಕ್ಕು ನೋಡಿ. ಎಸಿ ಹಾಕಿ, ಕಿಟಕಿ ಮುಚ್ಚಿ ಐದು ನಿಮಿಷ ಕೂತರೆ ಮುಗ್ಗಲು ವಾಸನೆ ಬರುತ್ತದೆ. ದಲ್ಲಾಳಿ ಸುಗಂಧದ ಬಾಟಲಿ ಇಟ್ಟಿದ್ದರೆ ಮೊದಲು ಅದನ್ನು ಹೊರಗೆ ಇಡಿ.

ನಿಮ್ಮ ಕಡೆಯದೇ ಗಾಡಿ ಆದರೂ ಒಂದು ವಿಷಯ ಬೇರೆ. ಗದ್ದೆ ಸೀಮೆ, ಎರೆ ಮಣ್ಣು. ಆ ಅಂಟು ಮಣ್ಣು ಚಕ್ರದ ಮೇಲಿನ ಗೂಡಿನಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಕೂತು ತೇವ ಹಿಡಿದಿಟ್ಟುಕೊಳ್ಳುತ್ತದೆ. ಕೈ ಹಾಕಿ ತಟ್ಟಿ ನೋಡಿ, ತಗಡು ಪೊಳ್ಳಾಗಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಹಳೇ ಐ10 ಮಾರಿದೆ. ತಗೊಂಡವರು ಇನ್ನೂ ಹೆಸರಿಗೆ ಮಾಡಿಸಿಕೊಂಡಿಲ್ಲ, ಫೈನ್ ಮೆಸೇಜ್ ನನ್ನ ಮೊಬೈಲ್‌ಗೆ ಬರುತ್ತಿದೆ. ಈಗ ನಾನೇ ಒಂದು ಗ್ರ್ಯಾಂಡ್ ಐ10 ತಗೊಳ್ಳುತ್ತಿದ್ದೇನೆ. ಅದನ್ನು ಮಾರುವವರು ಸಹಿ ಮಾಡಿದ ಖಾಲಿ ಫಾರಂ ಕೊಡುತ್ತೇವೆ, ನೀವು ಯಾವಾಗ ಬೇಕಾದರೂ ಮಾಡಿಸಿಕೊಳ್ಳಿ ಅಂತಾರೆ. (ಕೊಪ್ಪಳ)

ಉತ್ತರ: ಮೊದಲು ಹಳೇ ಗಾಡಿ ಮುಗಿಸಿ. ದಂಡ ಸಣ್ಣ ವಿಷಯ. ಆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಕೇಸು ನಿಮ್ಮ ಹೆಸರಿಗೆ ಬರುತ್ತದೆ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಮಾರಿದ್ದೇನೆ ಅಂದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಕೊಟ್ಟ ರಸೀದಿ, ಹಣ ಬಂದ ಬ್ಯಾಂಕ್ ದಾಖಲೆ ಇದ್ದರೆ ಅದರ ಜೊತೆ ಆರ್‌ಟಿಒಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಹಾಕಿಸಿಕೊಳ್ಳಿ. ತಗೊಂಡವರಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಊರಿನವರೇ ಆದರೆ ಮನೆಗೇ ಹೋಗಿ ಕರೆದುಕೊಂಡು ಬಂದು ಕೆಲಸ ಮುಗಿಸಿ. ಮುಲಾಜು ನೋಡುವ ಹೊತ್ತಲ್ಲ ಇದು.

ಹೊಸದರ ವಿಷಯಕ್ಕೆ ಬಂದರೆ, ಖಾಲಿ ಫಾರಂ ತಗೊಳ್ಳಲೇಬೇಡಿ. ಹೆಸರು ಬದಲಾವಣೆಗೆ ಮಾರುವವರು ಕೊಡುವುದು ಫಾರಂ 29, ಇಬ್ಬರೂ ಸೇರಿ ಹಾಕುವುದು ಫಾರಂ 30. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ತಗೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಸಾಲ ಇದ್ದ ಗಾಡಿ ಆದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಸಾಲದ ನಮೂದು ಕ್ಯಾನ್ಸಲ್ ಮಾಡಿಸಬೇಕು. ಎಷ್ಟೋ ಜನ ಸಾಲ ತೀರಿಸಿರುತ್ತಾರೆ, ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಹಾಗೇ ಉಳಿದಿರುತ್ತದೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಹೊಗೆ ಪರೀಕ್ಷೆ, ಸಾಲ ಎಲ್ಲ ಮೊದಲೇ ನೋಡಿ. ಹಳದಿ ಬೋರ್ಡ್‌ನಲ್ಲಿ ಓಡಿ ಆಮೇಲೆ ಬಿಳಿ ಬೋರ್ಡ್ ಆದ ಗಾಡಿಯಾ ಅಂತಲೂ ವಿಚಾರಿಸಿ. ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಬಾಡಿಗೆಗೆ ಓಡಿದ ಸಣ್ಣ ಕಾರುಗಳು ಹಾಗೆ ಬರುತ್ತವೆ.

ಪೂರ್ತಿ ಹಣ ಒಟ್ಟಿಗೆ ಕೊಡಬೇಡಿ. ಒಂದು ಪಾಲು ಇಟ್ಟುಕೊಂಡು, ನಿಮ್ಮ ಹೆಸರು ಆರ್‌ಸಿಗೆ ಬಂದ ಮೇಲೆ ಕೊಡುತ್ತೇನೆ ಅಂತ ಬರೆದುಕೊಳ್ಳಿ. ಗಾಡಿ ಕೈಗೆ ಬಂದ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, ಆ ದಿನ ಬೆಳಗ್ಗೆ ಅವರು ಏನಾದರೂ ಮಾಡಿಕೊಂಡಿದ್ದರೆ ನಿಮ್ಮ ತಲೆಗೆ ಬರಬಾರದು. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಗಾಡಿ ಡ್ಯಾಮೇಜ್ ಆದಾಗ ಕ್ಲೇಮ್ ಸಿಗುವುದು ಕಷ್ಟ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅವರ ನೋ ಕ್ಲೇಮ್ ಬೋನಸ್, ಅವರ ಜೊತೆಗೇ ಹೋಗುತ್ತದೆ, ಗಾಡಿ ಜೊತೆ ಬರುವುದಿಲ್ಲ, ಹಾಗಾಗಿ ಸ್ವಲ್ಪ ಹಣ ಮೇಲೆ ಬೀಳುತ್ತದೆ. ಆದರೆ ಆ ಬೋನಸ್ ಎಷ್ಟಿದೆ ಅಂತ ಅವರ ಪಾಲಿಸಿಯಲ್ಲಿ ಖಂಡಿತ ನೋಡಿ. ಐದಾರು ವರ್ಷದ ಗಾಡಿಗೆ ಸೊನ್ನೆ ಇದ್ದರೆ ಹತ್ತಿರದಲ್ಲೇ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ ಮಧ್ಯೆ ನಿಂತಿತ್ತು. ಯಾವುದು ಅಂತ ಕೇಳಿ.

ಪ್ರಶ್ನೆ: ನಾನು ನರ್ಸ್, ನೈಟ್ ಶಿಫ್ಟ್ ಇರುತ್ತೆ. ಡ್ರೈವಿಂಗ್ ಈಗಷ್ಟೇ ಕಲಿತಿದ್ದೇನೆ. ಗೇರ್ ಹಾಕುವ ಕಿರಿಕಿರಿ ಇಲ್ಲದ ಹಳೇ ಕಾರು ಸಿಗುತ್ತಾ? (ರಾಯಚೂರು)

ಉತ್ತರ: ಸಿಗುತ್ತೆ ಅಕ್ಕ. 2014ರಲ್ಲಿ ಸೆಲೆರಿಯೊ ಜೊತೆ ತಾನೇ ಗೇರ್ ಬದಲಿಸುವ ಎಎಂಟಿ ನಮ್ಮಲ್ಲಿ ಬಂತು, ಆಮೇಲೆ ವ್ಯಾಗನಾರ್, ಟಿಯಾಗೊ, ಕ್ವಿಡ್‌ಗಳಲ್ಲೂ ಬಂದಿದೆ. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಕ್ಲಚ್ ಇಲ್ಲ ಅಂತ ಅಲ್ಲ, ಒಳಗೆ ಇದೆ, ಸವೆಯುತ್ತದೆ. ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ಎಬ್ಬಿಸಿ ನೋಡಿ. ಗಡಗಡ ನಡುಗಿದರೆ ಅಥವಾ ಸುಟ್ಟ ವಾಸನೆ ಬಂದರೆ ಬೇಡ. ರಾತ್ರಿ ಓಡಾಟ ಅಂದಿರಿ, ಅದಕ್ಕೇ ಹೇಳುತ್ತೇನೆ, 2019ರ ಜುಲೈ ನಂತರ ತಯಾರಾದದ್ದನ್ನೇ ಹುಡುಕಿ. ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ, ರಿವರ್ಸ್ ತೆಗೆಯುವಾಗ ಎಚ್ಚರಿಸುವ ಸೆನ್ಸರ್ ಆಗಿನಿಂದ ಕಡ್ಡಾಯ. ಕಾರನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಟಿಯಾಗೊಗೆ 2020ರಲ್ಲಿ ನಾಲ್ಕು ಸ್ಟಾರ್, ವ್ಯಾಗನಾರ್‌ಗೆ 2019ರಲ್ಲಿ ಎರಡು ಸ್ಟಾರ್ ಬಂದಿತ್ತು. ನಾನಾದರೆ ನಿಮಗೆ ಟಿಯಾಗೊ ಎಎಂಟಿ ಹೇಳುತ್ತೇನೆ. ಹೆಡ್‌ಲೈಟ್ ಗಾಜು ಹಳದಿಯಾಗಿದ್ದರೆ ಅದನ್ನು ಮಾತ್ರ ಮೊದಲು ಸರಿ ಮಾಡಿಸಿ.

ಪ್ರಶ್ನೆ: ಸಿಎನ್‌ಜಿ ವ್ಯಾಗನಾರ್ ಒಂದು ಬಂದಿದೆ, ಹೊರಗಡೆ ಕಿಟ್ ಹಾಕಿಸಿದ್ದು. ತಗೊಳ್ಳಬಹುದಾ? (ಮುನಿರಾಬಾದ್)

ಉತ್ತರ: ಮೂರು ವಿಷಯ ಸರಿ ಇದ್ದರೆ ಮಾತ್ರ. ಆರ್‌ಸಿಯಲ್ಲಿ ಸಿಎನ್‌ಜಿ ಅಂತ ನಮೂದಾಗಿರಬೇಕು, ಇನ್ಶೂರೆನ್ಸ್‌ನಲ್ಲೂ ಕಿಟ್ ಸೇರಿರಬೇಕು. ಸಿಲಿಂಡರ್ ಅನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಅದರ ಸರ್ಟಿಫಿಕೇಟ್ ಕೇಳಿ. ಇನ್ನು ನೀವು ದಿನಾ ಓಡಾಡುವ ದಾರಿಯಲ್ಲಿ ಸಿಎನ್‌ಜಿ ಬಂಕ್ ಇದೆಯಾ, ಅಲ್ಲಿ ಎಷ್ಟು ಹೊತ್ತು ಕ್ಯೂ ನಿಲ್ಲಬೇಕು ಅಂತ ಮೊದಲೇ ನೋಡಿ. ಸಿಲಿಂಡರ್ ಅಲ್ಲೇ ಕೂರುವುದರಿಂದ ಡಿಕ್ಕಿ ಮರೆತುಬಿಡಿ.

ಪ್ರಶ್ನೆ: ಎಪ್ಪತ್ತು ಸಾವಿರಕ್ಕೆ 2010ರ ಸ್ಯಾಂಟ್ರೊ ಬಿಟ್ಟು ಬಿಡಬೇಡ ಅಂತಾರೆ ಗೆಳೆಯರು. (ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಆರ್‌ಸಿ ಮುಗಿಯುವ ದಿನಾಂಕ ನೋಡಿ. 15 ವರ್ಷ ಆದ ಮೇಲೆ ಅದನ್ನು ರಿನ್ಯೂವಲ್ ಮಾಡಿಸಬೇಕು. ಅದರ ಶುಲ್ಕವೇ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು, ಹಳೇ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್ ಇದೆ. ಎಲ್ಲ ಆದ ಮೇಲೆ ಸಿಗುವುದು ಐದು ವರ್ಷ. ರಿನ್ಯೂವಲ್ ಮಾಡಿಸಿ ಕೊಡಿ ಅಂತ ಮಾರುವವರಿಗೇ ಹೇಳಿ. ಮಾಡಿಸಿಕೊಟ್ಟರೆ ಕೈ ಕಲಿಯಲು ಒಳ್ಳೆಯ ಗಾಡಿ.

ಪ್ರಶ್ನೆ: ನಮ್ಮ ಯಜಮಾನರ ದೊಡ್ಡಪ್ಪನವರು ತಮ್ಮ 2021ರ ಗಾಡಿ ನಮಗೇ ಕೊಡುತ್ತೇವೆ ಅಂತಾರೆ. ಮನೆಯವರದ್ದು, ರೇಟ್ ಮಾತಾಡಲು, ಮೆಕ್ಯಾನಿಕ್ ಕರೆದುಕೊಂಡು ಹೋಗಲು ಸಂಕೋಚ. ಏನು ಮಾಡೋದು? (ಮಾನ್ವಿ)

ಉತ್ತರ: ಎಲ್ಲಕ್ಕಿಂತ ಕಷ್ಟದ ವ್ಯಾಪಾರ ಇದೇ. ಹೊರಗಿನವರ ಹತ್ತಿರ ಜಗಳ ಆಡಿ ಮರೆಯಬಹುದು, ದೊಡ್ಡಪ್ಪನ ಹತ್ತಿರ ಯುಗಾದಿಗೂ ಹೋಗಬೇಕು, ಮದುವೆಗೂ ಹೋಗಬೇಕು. ರೇಟ್ ನೀವೂ ಹೇಳಬೇಡಿ, ಅವರೂ ಹೇಳುವುದು ಬೇಡ. ಇಬ್ಬರಿಗೂ ಪರಿಚಯ ಇರುವ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ. ಸರ್ವೀಸ್ ಹೇಗೂ ಮಾಡಿಸಬೇಕಿತ್ತು ಅಂತ ಹೇಳಿದರೆ ಯಾರಿಗೂ ಬೇಸರ ಆಗುವುದಿಲ್ಲ. ಅವರ ಗಾಡಿ ನೆಲ್ಲಿನ ಚೀಲ ಇಡುವ ಗೋದಾಮಿನ ಪಕ್ಕ ನಿಲ್ಲುತ್ತಿದ್ದರೆ ಇಲಿ ವೈರ್ ಕಡಿದಿದೆಯಾ ಅಂತ ಬಾನೆಟ್ ಒಳಗೆ ವಿಶೇಷವಾಗಿ ನೋಡಲು ಹೇಳಿ.

ರೇಟ್‌ಗೆ ಒಂದು ಅಳತೆ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ದೊಡ್ಡಪ್ಪನವರು ಅಂದು ಕೊಟ್ಟ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ, ನೀವು ಅದೇ ಮಾಡೆಲ್‌ನ ಇಂದಿನ ಹೊಸ ಬೆಲೆಯಿಂದ ಶುರು ಮಾಡಿ. ಶೋರೂಮ್‌ನಿಂದ ಕೊಟೇಶನ್ ತಂದು ಅವರ ಮುಂದಿಟ್ಟರೆ ಮಾತು ತಾನಾಗಿ ಅಲ್ಲಿಗೆ ಬರುತ್ತದೆ. ಹಣ ಬ್ಯಾಂಕ್ ಮೂಲಕವೇ ಕಳಿಸಿ. ಹೆಸರು ಬದಲಾವಣೆಯನ್ನೂ ಅದೇ ತಿಂಗಳು ಮುಗಿಸಿ, ಮನೆಯವರದ್ದೇ ಅಲ್ವಾ, ನಿಧಾನ ಮಾಡಿಸಿದರಾಯಿತು ಅಂತ ಯಾರಾದರೂ ಅಂದರೂ ಕೇಳಬೇಡಿ. ಅವರಿಗೆ ವಯಸ್ಸಾಗಿದೆ, ನಾಳೆ ಏನಾದರೂ ಆದರೆ ವಾರಸುದಾರರೆಲ್ಲ ಆರ್‌ಟಿಒಗೆ ಬಂದು ಸಹಿ ಹಾಕಬೇಕಾಗುತ್ತದೆ.